‘ಲಕ್ಷ್ಯ ಎಲ್ಲದ ನಿಂದು?’: ನಿಲ್ಲದ ಗಮನ, ಒಳಗಿನ ಅಂಜಿಕೆ

ಕಲಬುರಗಿಯ ನಮ್ಮ ಮನೆಯ ಪಡಸಾಲೆ. ಒಂದೇ ಚಾಪೆ. ಒಂದು ತುದಿಗೆ ಅಕ್ಕನ ಮಗ, ಇನ್ನೊಂದು ತುದಿಗೆ ನನ್ನ ಮಗಳು. ಅವನಿಗೆ ಒಂಬತ್ತು, ಅವಳಿಗೆ ಹನ್ನೊಂದು. ಇಬ್ಬರಿಗೂ ಹತ್ತತ್ತು ಭಾಗಾಕಾರದ ಲೆಕ್ಕ ಕೊಟ್ಟು ಕೂರಿಸಿದ್ದೆ. ಒಳಗೆ ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮುಕ್ಕಾಲು ತಾಸು ಬಿಟ್ಟು ಬಂದು ನೋಡಿದರೆ ಇಬ್ಬರ ಪುಟವೂ ಹೆಚ್ಚುಕಡಿಮೆ ಖಾಲಿ.

‘ಲಕ್ಷ್ಯ ಎಲ್ಲದ ನಿಂದು?’ ಎಂದೆ ಹುಡುಗನಿಗೆ.

‘ಹದಿನಾಲ್ಕು ರೊಟ್ಟಿ ಆದವು ಮಾಮಾ’ ಎಂದ, ತಡಮಾಡದೆ.

ಬಡಿಯುವ ಸದ್ದು ಎಣಿಸುತ್ತ ಕೂತಿದ್ದ. ಅಷ್ಟರಲ್ಲಿ ಪೆನ್ಸಿಲ್ ಎರಡು ಸಲ ಚೂಪು ಮಾಡಿದ್ದ, ನೀರಿಗೆಂದು ಮೂರು ಸಲ ಎದ್ದಿದ್ದ, ಬಾಗಿಲಲ್ಲಿ ಬಂದ ಬೆಕ್ಕಿನ ಹಿಂದೆ ಒಂದು ಸಲ ಓಡಿದ್ದ.

ಮಗಳು ಎದ್ದೇ ಇರಲಿಲ್ಲ. ಮೊದಲ ಲೆಕ್ಕ ಬರೆದಿದ್ದಳು, ಅಳಿಸಿದ್ದಳು. ಮತ್ತೆ ಬರೆದಿದ್ದಳು, ಮತ್ತೆ ಅಳಿಸಿದ್ದಳು. ಅದೊಂದೇ ಜಾಗದಲ್ಲಿ ಕಾಗದ ತೆಳ್ಳಗಾಗಿ ತೂತು ಬಿದ್ದಿತ್ತು. ಲಂಗದ ಮೇಲೆಲ್ಲ ರಬ್ಬರಿನ ಪುಡಿ. ‘ತಪ್ಪಾದ್ರ ಮೇಡಂ ಎದ್ದು ನಿಂದ್ರಸ್ತಾರಪ್ಪಾ’ ಎಂದಳು. ಕಣ್ಣಲ್ಲಿ ನೀರು.

ನಾನು ಗಣಿತದ ಮಾಸ್ತರ. ‘ಲಕ್ಷ್ಯ ಎಲ್ಲದ ನಿಂದು?’ ಎಂಬ ಮಾತನ್ನು ತರಗತಿಯಲ್ಲಿ ಎಷ್ಟು ಸಾವಿರ ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನಮ್ಮ ಕಡೆ ಅದು ಪ್ರಶ್ನೆ ಅಲ್ಲ, ಬೈಗುಳ. ಉತ್ತರ ಯಾರಿಗೂ ಬೇಕಾಗಿರುವುದಿಲ್ಲ. ಆದರೆ ಆ ಸಂಜೆ ನನಗೆ ಎರಡು ಉತ್ತರ ಸಿಕ್ಕವು. ಒಬ್ಬನ ಲಕ್ಷ್ಯ ಹಾರಿ ಹೋಗಿತ್ತು. ಇನ್ನೊಬ್ಬಳ ಲಕ್ಷ್ಯ ಒಂದೇ ಕಡೆ ಸಿಕ್ಕಿಹಾಕಿಕೊಂಡಿತ್ತು. ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ ಖಾಲಿ ಪುಟ. ಈ ಎರಡರ ವ್ಯತ್ಯಾಸ ತಿಳಿದುಕೊಳ್ಳಲು, ಮತ್ತು ಎರಡೂ ಒಂದೇ ಮಗುವಿನಲ್ಲಿ ಇರಬಹುದು ಎಂದು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಹಿಡಿಯಿತು. ವೈದ್ಯರಿಂದ ಕೇಳಿ, ಓದಿ, ಈ ಇಬ್ಬರು ಮಕ್ಕಳ ಜೊತೆ ಕೂತು ತಿಳಿದದ್ದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ನಾನು ವೈದ್ಯನಲ್ಲ. ಇದನ್ನು ಓದಿ ನಿಮ್ಮ ಮಗುವಿಗೆ ನೀವೇ ಕಾಯಿಲೆಯ ಹೆಸರು ಇಡಬೇಡಿ.

ಗಮನ ಇಲ್ಲ ಅಂತಲ್ಲ

ವೈದ್ಯರು ಎಡಿಎಚ್‌ಡಿ ಎಂದು ಕರೆಯುವ ಸಮಸ್ಯೆಯ ಹೆಸರನ್ನು ಕನ್ನಡದಲ್ಲಿ ಬಿಡಿಸಿದರೆ ‘ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ’ ಎಂದಾಗುತ್ತದೆ. ‘ಕೊರತೆ’ ಎಂಬ ಮಾತೇ ದಾರಿ ತಪ್ಪಿಸುತ್ತದೆ. ನಮ್ಮ ಹುಡುಗ ಗಾಳಿಪಟ ಹಿಡಿದರೆ ಎರಡು ತಾಸು ಅಲ್ಲಾಡುವುದಿಲ್ಲ. ‘ಅಲ್ಲಿ ಲಕ್ಷ್ಯ ಇರ್ತದ, ಓದಾಕ ಇರಂಗಿಲ್ಲೇನು?’ ಎಂದು ಅಕ್ಕ ಕೇಳುವುದು ಅದಕ್ಕೇ. ಅವನಲ್ಲಿ ಗಮನ ಇದೆ. ಅದನ್ನು ಬೇಕಾದ ಕಡೆ ಹಚ್ಚಿ, ಬೇಕಾದಷ್ಟು ಹೊತ್ತು ಹಿಡಿದಿಟ್ಟುಕೊಳ್ಳುವ ಹಿಡಿತ ಕಡಿಮೆ. ಆಸಕ್ತಿ ಇದ್ದಲ್ಲಿ ಗಮನ ತಾನಾಗಿ ನಿಲ್ಲುತ್ತದೆ. ಬೇಸರದ ಕೆಲಸದಲ್ಲಿ ನಿಲ್ಲಿಸಲು ಆಗುವುದಿಲ್ಲ.

ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಕಾಯಿಲೆ ಎಂದು ಹೇಳುವವರು ಜಾಸ್ತಿ. ಅಲೆಕ್ಸಾಂಡರ್ ಕ್ರೈಟನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1798ರಲ್ಲೇ ಒಂದು ವಿಷಯದ ಮೇಲೆ ಮನಸ್ಸು ನಿಲ್ಲಿಸಲಾಗದವರ ಬಗ್ಗೆ ಬರೆದಿದ್ದ. ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯ 1902ರಲ್ಲಿ ಇಂಥ ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟ. ಆಗ ಕರೆಂಟ್ ದೀಪವೇ ಎಷ್ಟೋ ಮನೆಗೆ ಬಂದಿರಲಿಲ್ಲ.

ವೈದ್ಯರು ನೋಡುವ ಅಳತೆಗಳು ಕಟ್ಟುನಿಟ್ಟಾಗಿವೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತಂದ ಡಿಎಸ್‌ಎಂ-5 ಎಂಬ ಕೈಪಿಡಿಯನ್ನು ನಮ್ಮಲ್ಲೂ ಬಳಸುತ್ತಾರೆ. ಅದರ ಪ್ರಕಾರ ಗಮನದ ಒಂಬತ್ತು ಲಕ್ಷಣ, ಚಡಪಡಿಕೆ ಮತ್ತು ಆತುರದ ಒಂಬತ್ತು ಲಕ್ಷಣ. ಒಂದು ಗುಂಪಿನಲ್ಲಾದರೂ ಆರು ಲಕ್ಷಣ ಆರು ತಿಂಗಳಿಂದ ಇರಬೇಕು. ಹದಿನೇಳು ತುಂಬಿದವರಿಗೆ ಐದು ಸಾಕು. ಹನ್ನೆರಡು ವರ್ಷದ ಒಳಗೇ ಕೆಲವು ಲಕ್ಷಣ ಕಂಡಿರಬೇಕು. ಮನೆಯಲ್ಲಿ ಮಾತ್ರ ಅಥವಾ ಶಾಲೆಯಲ್ಲಿ ಮಾತ್ರ ಅಂದರೆ ಆಗದು, ಎರಡು ಕಡೆಯಾದರೂ ತೊಂದರೆ ಕೊಡುತ್ತಿರಬೇಕು. ಜಗತ್ತಿನ ಲೆಕ್ಕದಲ್ಲಿ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇದು ಇರುತ್ತದೆ. ನನ್ನ ಅರವತ್ತು ಮಕ್ಕಳ ತರಗತಿಯಲ್ಲಿ ಮೂವರು.

ಕೆಲವರಲ್ಲಿ ಚಡಪಡಿಕೆ ಎದ್ದು ಕಾಣುತ್ತದೆ, ನಮ್ಮ ಅವ್ವ ಹೇಳುವ ಹಾಗೆ ‘ಕಾಲಾಗ ಗಾಲಿ ಕಟ್ಗೊಂಡೇ ಹುಟ್ಯಾನ’. ಕೆಲವರಲ್ಲಿ ಗಮನದ ತೊಂದರೆ ಮಾತ್ರ. ಆ ಮಕ್ಕಳು ಗದ್ದಲ ಮಾಡುವುದಿಲ್ಲ, ಯಾರನ್ನೂ ಹೊಡೆಯುವುದಿಲ್ಲ. ಕಿಟಕಿ ನೋಡುತ್ತ ಕೂರುತ್ತವೆ. ಎಡಿಎಚ್‌ಡಿ ಇರುವ ಹೆಣ್ಣುಮಕ್ಕಳಲ್ಲಿ ಈ ಬಗೆ ಹೆಚ್ಚು ಕಾಣುತ್ತದೆ. ಗದ್ದಲ ಮಾಡದ ಮಗುವನ್ನು ಯಾರೂ ವೈದ್ಯರ ಹತ್ತಿರ ಕರೆದೊಯ್ಯುವುದಿಲ್ಲ. ಈ ಮಾತಿಗೆ ಆಮೇಲೆ ಮತ್ತೆ ಬರುತ್ತೇನೆ.

ಅಂಜಿಕೆ ಯಾವಾಗ ಕಾಯಿಲೆ?

ಅಂಜಿಕೆ ಇಲ್ಲದಿದ್ದರೆ ನಾವು ರಸ್ತೆ ದಾಟುವಾಗ ಆಚೀಚೆ ನೋಡುತ್ತಿರಲಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಓದುತ್ತಿರಲಿಲ್ಲ. ಅದು ಕಾವಲು ನಾಯಿ ಇದ್ದ ಹಾಗೆ. ಕಳ್ಳ ಬಂದಾಗ ಬೊಗಳಬೇಕು. ಗಾಳಿಗೆ ಎಲೆ ಅಲ್ಲಾಡಿದರೂ ರಾತ್ರಿಯೆಲ್ಲ ಬೊಗಳಿದರೆ ಮನೆಯವರಿಗೆ ನಿದ್ದೆ ಇಲ್ಲ. ಊಟ, ನಿದ್ದೆ, ಶಾಲೆ, ಆಟ ಇವಕ್ಕೆಲ್ಲ ಅಡ್ಡ ಬರುವಷ್ಟು ಅಂಜಿಕೆ ವಾರಗಟ್ಟಲೆ, ತಿಂಗಳುಗಟ್ಟಲೆ ಕೂತರೆ ಅದಕ್ಕೆ ಆತಂಕದ ಕಾಯಿಲೆ ಎನ್ನುತ್ತಾರೆ.

ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಮೂರು ನಾಲ್ಕು ಜನಕ್ಕೆ ಒಬ್ಬರಂತೆ ಆತಂಕದ ಕಾಯಿಲೆಯೂ ಇರುತ್ತದೆ. ದೊಡ್ಡವರಲ್ಲಿ ಇದು ಹೆಚ್ಚುಕಡಿಮೆ ಅರ್ಧದಷ್ಟು. ಇಷ್ಟೊಂದು ಜನರಲ್ಲಿ ಎರಡೂ ಒಟ್ಟಿಗೆ ಬರುವುದಕ್ಕೆ ಕಾರಣಗಳಿವೆ.

ಒಂದು ಕಾರಣ ಹುಟ್ಟಿನದು. ಎಡಿಎಚ್‌ಡಿ ಮನೆತನದಲ್ಲಿ ಹರಿಯುವ ಸಮಸ್ಯೆ, ಅಂಜಿಕೆಯ ಸ್ವಭಾವವೂ ಹಾಗೇ. ಎರಡಕ್ಕೂ ಬೇರಿನಲ್ಲಿ ಸ್ವಲ್ಪ ಹಂಚಿಕೆ ಇದೆ. ಇನ್ನೊಂದು ಕಾರಣ ಮಿದುಳಿನ ಕೆಲಸದ್ದು. ಹಣೆಯ ಹಿಂದಿನ ಮಿದುಳಿನ ಭಾಗ ನಮ್ಮ ಗಮನ, ತಾಳ್ಮೆ, ಮುಂದಾಲೋಚನೆ ನೋಡಿಕೊಳ್ಳುತ್ತದೆ. ಅದಕ್ಕೆ ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಹದವಾಗಿ ಬೇಕು. ರೊಟ್ಟಿ ಹಂಚಿನ ಕಾವಿನ ಹಾಗೆ. ಕಾವು ಕಡಿಮೆಯಾದರೆ ರೊಟ್ಟಿ ಉಬ್ಬುವುದಿಲ್ಲ, ಹೆಚ್ಚಾದರೆ ಸೀದು ಹೋಗುತ್ತದೆ. ಎಡಿಎಚ್‌ಡಿಯಲ್ಲಿ ಈ ಕಾವು ಹದಕ್ಕೆ ಬರುವುದೇ ಕಷ್ಟ. ಭಯ ಬಿದ್ದಾಗ ಕಾವು ಮಿತಿ ಮೀರುತ್ತದೆ. ಎರಡೂ ಕಡೆ ಕೆಡುವುದು ಅದೇ ರೊಟ್ಟಿ, ಅಂದರೆ ಗಮನ.

ಇದರ ಜೊತೆ ಒಂದು ಹಳೇ ಪ್ರಯೋಗ ಹೇಳಲೇಬೇಕು. ಮಾಸ್ತರರಾದವರು ಗೋಡೆಗೆ ಬರೆದು ಹಾಕಿಕೊಳ್ಳಬೇಕಾದದ್ದು. 1908ರಲ್ಲಿ ರಾಬರ್ಟ್ ಯರ್ಕ್ಸ್, ಜಾನ್ ಡಾಡ್ಸನ್ ಎಂಬಿಬ್ಬರು ಅಮೆರಿಕದಲ್ಲಿ ಇಲಿಗಳಿಗೆ ಕಪ್ಪು ಡಬ್ಬಿ ಬಿಟ್ಟು ಬಿಳಿ ಡಬ್ಬಿಗೆ ಹೋಗುವುದನ್ನು ಕಲಿಸಿದರು. ತಪ್ಪಿದರೆ ಕರೆಂಟಿನ ಶಾಕ್. ಎರಡು ಡಬ್ಬಿಯ ಫರಕು ಸಲೀಸಾಗಿ ಕಾಣುವಾಗ ಶಾಕ್ ಜೋರಾದಷ್ಟೂ ಇಲಿಗಳು ಬೇಗ ಕಲಿತವು. ಫರಕು ಕಷ್ಟವಾದಾಗ ಶಾಕ್ ಹದವಾಗಿದ್ದರೆ ಮಾತ್ರ ಕಲಿತವು. ಜೋರು ಮಾಡಿದರೆ ಕಲಿಕೆ ಕೆಟ್ಟಿತು. ನನ್ನ ಅನುಭವವೂ ಇದೇ: ಹೆದರಿಸಿದರೆ ಮಗ್ಗಿ ಬಾಯಿಗೆ ಬಂದೀತು, ಬೀಜಗಣಿತ ತಲೆಗೆ ಹೋಗುವುದಿಲ್ಲ.

ಮೂರನೆಯ ಕಾರಣ ಬದುಕಿನದು. ನನಗೆ ಅತ್ಯಂತ ನೋವು ಕೊಡುವುದೂ ಇದೇ. ಮರೆಯುವ, ಕಳೆಯುವ, ನಡುವೆ ಬಾಯಿ ಹಾಕುವ ಮಗು ದಿನಕ್ಕೆ ಎಷ್ಟು ಸಲ ಬೈಸಿಕೊಳ್ಳುತ್ತದೆ ಎಂದು ಒಮ್ಮೆ ಎಣಿಸಿ ನೋಡಿ. ನಾನು ಅಕ್ಕನ ಮನೆಯಲ್ಲಿ ಒಂದು ಭಾನುವಾರ ಎಣಿಸಿದೆ. ಮಧ್ಯಾಹ್ನದ ಊಟದೊಳಗೆ ಇಪ್ಪತ್ತಮೂರು. ಅದರಲ್ಲಿ ಮೂರು ನನ್ನವೇ. ಹೀಗೆ ವರ್ಷಗಟ್ಟಲೆ ಬೈಸಿಕೊಂಡ ಮಗುವಿಗೆ ‘ಇವತ್ತು ಏನೋ ತಪ್ಪು ಮಾಡ್ತೀನಿ’ ಎಂಬ ಅಂಜಿಕೆ ಬೆಳಗ್ಗೆ ಏಳುವಾಗಲೇ ಇರುತ್ತದೆ. ಇಂಥ ಅಂಜಿಕೆ ಹೊರಗಿನಿಂದ ಬರುವುದಿಲ್ಲ, ನಾವೇ ಮನೆಯಲ್ಲಿ, ಶಾಲೆಯಲ್ಲಿ ದಿನಾ ಸ್ವಲ್ಪ ಸ್ವಲ್ಪ ಹಾಕಿ ಬೆಳೆಸಿದ್ದು.

ಅಂಜಿಕೆಗಳಲ್ಲೂ ಬೇರೆ ಬೇರೆ

ಆತಂಕ ಎಂಬುದು ಒಂದೇ ಕಾಯಿಲೆ ಅಲ್ಲ. ಗಮನದ ತೊಂದರೆಯ ಜೊತೆ ಒಂದೊಂದು ಬಗೆಯ ಆತಂಕದ ನಂಟೂ ಬೇರೆ.

ಎಲ್ಲದರ ಬಗ್ಗೆಯೂ ಚಿಂತೆ ಮಾಡುವ ಬಗೆ ಒಂದಿದೆ. ಅಪ್ಪ ತಡವಾಗಿ ಬಂದರೆ ಅಪಘಾತ ಆಯಿತೇನೋ, ಮೋಡ ಕವಿದರೆ ಸಿಡಿಲು ಬಡಿದೀತೇನೋ, ನಾಳೆ ಮೇಡಂ ಏನು ಕೇಳುತ್ತಾರೋ. ಚಿಂತೆ ಬೇಡ ಅಂದರೂ ನಿಲ್ಲುವುದಿಲ್ಲ. ಆರು ತಿಂಗಳಾದರೂ ಹೀಗೆ ನಡೆದಿದ್ದರೆ ವೈದ್ಯರು ಇದನ್ನು ಸಾಮಾನ್ಯೀಕೃತ ಆತಂಕ ಎನ್ನುತ್ತಾರೆ. ಎಡಿಎಚ್‌ಡಿ ಎಂದು ಅತಿ ಸುಲಭವಾಗಿ ತಪ್ಪು ತಿಳಿಯುವುದು ಇದನ್ನೇ. ಇದರ ಲಕ್ಷಣಗಳ ಪಟ್ಟಿ ನೋಡಿ: ಚಡಪಡಿಕೆ, ಗಮನ ನಿಲ್ಲದಿರುವುದು, ಸಿಡುಕು, ನಿದ್ದೆಗೇಡು, ಸುಸ್ತು, ಮೈ ಬಿಗಿತ. ಮೊದಲ ಎರಡು ಎಡಿಎಚ್‌ಡಿಯ ಪಟ್ಟಿಯಲ್ಲೂ ಇವೆ! ಫರಕು ತಿಳಿಯಬೇಕಾದರೆ ಒಳಗೆ ಇಣುಕಬೇಕು. ಎಡಿಎಚ್‌ಡಿ ಮಗುವಿನ ಮನಸ್ಸು ಹೊರಗಿನ ಸದ್ದಿಗೆ, ಬಣ್ಣಕ್ಕೆ, ಹೊಸ ಯೋಚನೆಗೆ ಹಾರುತ್ತದೆ. ಚಿಂತೆಯ ಮಗುವಿನ ಮನಸ್ಸು ಒಂದೇ ಗಾಯವನ್ನು ಕೆರೆಯುತ್ತಿರುತ್ತದೆ. ಹುಡುಗ ರೊಟ್ಟಿ ಎಣಿಸಿದ, ಹುಡುಗಿ ಮೇಡಂ ಮುಖ ನೆನೆಸಿಕೊಂಡಳು.

ಜನರ ಎದುರಿನ ಅಂಜಿಕೆಯ ಕಥೆ ಬೇರೆ. ಇದು ಹೆಚ್ಚಾಗಿ ಹನ್ನೆರಡು ಹದಿಮೂರರ ಆಸುಪಾಸು ತಲೆ ಎತ್ತುತ್ತದೆ. ಆತುರದ ಮಗು ಆಟದಲ್ಲಿ ತನ್ನ ಪಾಳಿ ಕಾಯುವುದಿಲ್ಲ, ಗೆಳೆಯರ ಮಾತಿನ ನಡುವೆ ನುಗ್ಗುತ್ತದೆ. ಗೆಳೆಯರು ನಿಧಾನವಾಗಿ ದೂರ ಮಾಡುತ್ತಾರೆ. ಐದನೇ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತುತ್ತಿದ್ದ ಹುಡುಗ ಎಂಟನೆಯದರಲ್ಲಿ ಬಾಯಿಯೇ ಬಿಡುವುದಿಲ್ಲ. ‘ಈಗ ಶಾಣ್ಯಾ ಆಗ್ಯಾನ’ ಎಂದು ನಾವು ಖುಷಿಪಡುತ್ತೇವೆ. ಖರೇ ಅಂದರೆ ಅವನು ಸುಮ್ಮನಾಗಿದ್ದು ಹೆದರಿಕೆಯಿಂದ. ಇಂಥ ಎಷ್ಟು ಹುಡುಗರನ್ನು ನಾನು ಬೆನ್ನು ತಟ್ಟಿ ‘ಭೇಷ್’ ಅಂದಿದ್ದೇನೋ.

ಅಗಲಿಕೆಯ ಅಂಜಿಕೆ ಸಣ್ಣ ಮಕ್ಕಳದು. ನಮ್ಮ ಭಾಗದಲ್ಲಿ ಇದನ್ನು ಬೇರೆಯದೇ ಕಣ್ಣಿನಿಂದ ನೋಡಬೇಕು. ಯಾದಗಿರಿ, ಕಲಬುರಗಿಯ ಎಷ್ಟೋ ಹಳ್ಳಿಗಳಿಂದ ಜನ ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಮಕ್ಕಳನ್ನು ಅಜ್ಜಿಯ ಹತ್ತಿರ ಬಿಡುತ್ತಾರೆ. ಆ ಮಗು ತರಗತಿಯಲ್ಲಿ ಶೂನ್ಯ ದಿಟ್ಟಿಸುತ್ತಿದ್ದರೆ ಅದಕ್ಕೆ ಗಮನದ ಕಾಯಿಲೆ ಎನ್ನುವ ಮೊದಲು ಅವರವ್ವ ಯಾವೂರಲ್ಲಿದ್ದಾಳೆ ಎಂದು ಕೇಳಬೇಕು. ಇನ್ನು ಗಮನದ ತೊಂದರೆ ಮೊದಲೇ ಇದ್ದ ಮಗುವಿನ ಪಾಡು ಎರಡುಪಟ್ಟು. ದಿನದ ಹೊತ್ತುಗೊತ್ತು ಹಿಡಿದು ನಡೆಸುತ್ತಿದ್ದ ದೊಡ್ಡವರೇ ಹೋದರೆ ಅದು ಪೂರಾ ಚೆಲ್ಲಾಪಿಲ್ಲಿ. ನಮ್ಮ ಹುಡುಗನಲ್ಲಿ ಆದದ್ದು ಇದು. ಭಾವ ಕೆಲಸಕ್ಕೆಂದು ಪುಣೆಗೆ ಹೋದ ಮೇಲೆ ಪ್ರತಿ ಸೋಮವಾರ ಬೆಳಗ್ಗೆ ‘ಹೊಟ್ಟಿ ನೋಯ್ಲಾಕತ್ತದ’ ಎನ್ನಲು ಶುರುಮಾಡಿದ. ನೆಪ ಅಂದುಕೊಂಡೆವು. ನೆಪ ಅಲ್ಲ. ಅಂಜಿಕೆ ಮಕ್ಕಳಲ್ಲಿ ಹೊಟ್ಟೆಗೆ ಇಳಿಯುತ್ತದೆ, ನೋವು ನಿಜವಾಗಿಯೂ ಬರುತ್ತದೆ.

ಒಮ್ಮೆಲೇ ಎದೆ ಢವಢವ, ಉಸಿರು ಕಟ್ಟಿ, ‘ಸತ್ತೇ ಹೋಗ್ತೀನಿ’ ಅನ್ನಿಸಿ ಕೆಲವೇ ನಿಮಿಷದಲ್ಲಿ ತುದಿಗೇರುವ ಪ್ಯಾನಿಕ್ ಹೆಚ್ಚಾಗಿ ದೊಡ್ಡ ಮಕ್ಕಳಲ್ಲಿ, ವಯಸ್ಕರಲ್ಲಿ. ಹಾವು, ಕತ್ತಲೆ, ಸೂಜಿಯಂಥ ಒಂದೊಂದೇ ವಸ್ತುವಿನ ಭಯಕ್ಕೂ ಗಮನದ ತೊಂದರೆಗೂ ಅಷ್ಟು ಹತ್ತಿರದ ನಂಟಿಲ್ಲ.

ಗೀಳಿನ ವಿಷಯ ಮಾತ್ರ ಸ್ವಲ್ಪ ಬಿಡಿಸಬೇಕು. ಬೀಗ ಹಾಕಿದೆನಾ, ಗ್ಯಾಸ್ ಆಫ್ ಮಾಡಿದೆನಾ ಎಂದು ಮತ್ತೆ ಮತ್ತೆ ನೋಡುವುದಕ್ಕೆ ಓಸಿಡಿ ಎನ್ನುತ್ತಾರಲ್ಲ. 2013ರಿಂದ ಅದನ್ನು ಆತಂಕದ ಪಟ್ಟಿಯಿಂದ ತೆಗೆದು ಬೇರೆ ಇಟ್ಟಿದ್ದಾರೆ. ಆದರೆ ಎಡಿಎಚ್‌ಡಿ ಇರುವ ದೊಡ್ಡವರೂ ಗ್ಯಾಸ್ ನೋಡಲು ಮೂರು ಸಲ ವಾಪಸ್ ಬರುತ್ತಾರೆ. ಯಾಕೆಂದರೆ ಅವರು ನಿಜವಾಗಿಯೂ ನಾಲ್ಕೈದು ಸಲ ಮರೆತಿದ್ದಾರೆ! ಅದು ಪೆಟ್ಟು ತಿಂದು ಕಲಿತ ಎಚ್ಚರ. ಓಸಿಡಿಯಲ್ಲಿ ಕಣ್ಣಾರೆ ನೋಡಿದ ಮೇಲೂ ಮನಸ್ಸು ನಂಬುವುದಿಲ್ಲ. ಹೊರಗೆ ಒಂದೇ ಕೆಲಸ, ಒಳಗೆ ಎರಡು ಕಾರಣ.

ಪರೀಕ್ಷೆಯ ಅಂಜಿಕೆಗೆ ಕೈಪಿಡಿಯಲ್ಲಿ ಪ್ರತ್ಯೇಕ ಹೆಸರಿಲ್ಲ. ನಮ್ಮ ಊರಿನಲ್ಲಿ ಮಾತ್ರ ಅದಕ್ಕಿಂತ ದೊಡ್ಡ ಅಂಜಿಕೆ ಇಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2024ರಲ್ಲಿ ಯಾದಗಿರಿ ರಾಜ್ಯಕ್ಕೆ ಕೊನೆಗೆ ಬಂತು, 2025ರಲ್ಲಿ ಕಲಬುರಗಿ. ಆ ಅವಮಾನ ಮೇಲಿನಿಂದ ಇಳಿದು ಇಳಿದು ಕೊನೆಗೆ ಬೆಂಚಿನ ಮೇಲೆ ಕೂತ ಮಗುವಿನ ತಲೆ ಮೇಲೆ ಬೀಳುತ್ತದೆ. ಪ್ರಶ್ನೆ ಓದುವಷ್ಟರಲ್ಲಿ ಅದರ ಮೊದಲ ಸಾಲು ಮರೆಯುವ ಮಗುವಿಗೆ, ಈ ಭಯವೂ ಸೇರಿದರೆ ಏನಾದೀತು? ಮನಸ್ಸಿನಲ್ಲಿ ಒಂದಷ್ಟು ಹೊತ್ತು ಅಂಕಿ, ಮಾತು ಹಿಡಿದಿಟ್ಟುಕೊಳ್ಳುವ ಜಾಗ ಎಲ್ಲರಿಗೂ ಸಣ್ಣದೇ. ಎಡಿಎಚ್‌ಡಿಯಲ್ಲಿ ಆ ಜಾಗ ಇನ್ನೂ ಬಿಗಿ. ಅದರಲ್ಲಿ ಅರ್ಧ ಜಾಗ ‘ಫೇಲಾದ್ರ?’ ಎಂಬ ಯೋಚನೆಯೇ ಹಿಡಿದುಕೊಂಡರೆ ಲೆಕ್ಕಕ್ಕೆ ಉಳಿಯುವುದೇನು?

ಇಲ್ಲಿ ಒಂದು ವಿಚಿತ್ರವೂ ಇದೆ. ಅಂಜಿಕೆ ಇರುವ ಎಡಿಎಚ್‌ಡಿ ಮಕ್ಕಳು ಕೆಲವೊಮ್ಮೆ ಅಂಜಿಕೆ ಇಲ್ಲದವರಿಗಿಂತ ಕಡಿಮೆ ಆತುರಪಡುತ್ತಾರೆ. ಹೆದರಿಕೆ ಬ್ರೇಕ್ ಹಾಕುತ್ತದೆ. ಹಾಗಾಗಿ ಮಗು ‘ಸುಧಾರಿಸಿದೆ’ ಎಂದು ಕಾಣುತ್ತದೆ. ಒಳಗೆ ಗಮನ, ನೆನಪು ಇನ್ನಷ್ಟು ಕೆಟ್ಟಿರುತ್ತವೆ.

ನನ್ನ ಮಗಳ ವಿಷಯದಲ್ಲಿ ನಾನು ತಪ್ಪಿದ್ದು

ಹುಡುಗನಿಗೆ ಎಡಿಎಚ್‌ಡಿ ಇದೆ ಎಂದು ವೈದ್ಯರು ಹೇಳಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಮಗಳನ್ನು ನಾವು ಕರೆದೊಯ್ದದ್ದು ಅಂಜಿಕೆಗೆಂದು. ಅವಳಿಗೆ ‘ಅಂಜುಬುರುಕಿ’ ಎಂದೇ ಮನೆಯಲ್ಲಿ ಹೆಸರು. ಅವ್ವ ಮೂರು ಸಲ ದೃಷ್ಟಿ ತೆಗೆದಿದ್ದಳು, ತಾಯತವೂ ಕಟ್ಟಿಸಿದ್ದಳು.

ಕ್ಲಿನಿಕಲ್ ಸೈಕಾಲಜಿಸ್ಟ್ ಅವಳ ಜೊತೆ ಒಂದು ತಾಸು ಮಾತಾಡಿದರು. ಆಮೇಲೆ ನನ್ನನ್ನು ಕರೆದು ‘ಒಂದನೇ ಎರಡನೇ ಕ್ಲಾಸಿನ ನೋಟ್‌ಬುಕ್ ಇದ್ದರ ತರ್ರಿ ಸರ್’ ಎಂದರು. ಹಳೇ ಟ್ರಂಕಿನಿಂದ ತೆಗೆದುಕೊಂಡು ಹೋದೆ. ಅರ್ಧ ಬರೆದು ಬಿಟ್ಟ ಪದ್ಯ. ಕೂಡಿಸುವ ಚಿಹ್ನೆ ಇದ್ದಲ್ಲಿ ಕಳೆದ ಲೆಕ್ಕ. ಅಂಚಿನ ತುಂಬ ಹೂವು. ಟೀಚರ್ ಕೆಂಪು ಶಾಯಿಯಲ್ಲಿ ಬರೆದದ್ದು: ‘ಪೆನ್ಸಿಲ್ ದಿನಾಲೂ ಕಳೆಯುತ್ತಾಳೆ. ಜಾಣೆ, ಆದರೆ ಲಕ್ಷ್ಯವಿಲ್ಲ.’ ಅಳಿಸಿದ ಗುರುತು ಎಲ್ಲೂ ಇರಲಿಲ್ಲ. ಆರನೇ ವಯಸ್ಸಿನಲ್ಲಿ ಅವಳಿಗೆ ಅಂಜಿಕೆಯೇ ಇರಲಿಲ್ಲ! ರಬ್ಬರಿನ ಗುರುತು ಶುರುವಾಗುವುದು ಮೂರನೇ ತರಗತಿಯ ಪುಸ್ತಕದಿಂದ. ಆ ವರ್ಷ ತಪ್ಪು ಲೆಕ್ಕ ಹಾಕಿದವರನ್ನು ತರಗತಿಯ ಮುಂದೆ ನಿಲ್ಲಿಸುತ್ತಿದ್ದರು.

ಗಮನದ ತೊಂದರೆ ಮೊದಲು ಬಂದಿತ್ತು, ಅದರ ಮೇಲೆ ಅಂಜಿಕೆ ಬೆಳೆದಿತ್ತು. ಗದ್ದಲ ಮಾಡದ ಹುಡುಗಿ ಎಂದು ಐದು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ. ಮಾಸ್ತರನಾದ ಅಪ್ಪನ ಕಣ್ಣಿಗೂ ಬೀಳಲಿಲ್ಲ. ಆ ನೋಟ್‌ಬುಕ್ಕುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕಾರಿಡಾರಿನಲ್ಲಿ ಕೂತಿದ್ದು ನನಗೆ ಇನ್ನೂ ನೆನಪಿದೆ.

ಹಾಗಾಗಿ ಯಾವುದು ಮೊದಲು ಬಂತು ಎಂಬ ಪ್ರಶ್ನೆ ಬಹಳ ಮುಖ್ಯ. ಎಡಿಎಚ್‌ಡಿ ಸಣ್ಣಂದಿನಿಂದ ಇರುತ್ತದೆ, ಎಲ್ಲ ಕಡೆ ಇರುತ್ತದೆ, ರಜೆಯಲ್ಲೂ ಇರುತ್ತದೆ. ಆತಂಕಕ್ಕೆ ಹೆಚ್ಚಾಗಿ ಒಂದು ಶುರು ಇರುತ್ತದೆ, ಕೆಲವು ಜಾಗ ಹೊತ್ತು ಇರುತ್ತವೆ. ಪರೀಕ್ಷೆ ಮುಗಿದ ಮೇಲೆ ಗಮನ ಚೆನ್ನಾಗಿ ನಿಲ್ಲುತ್ತದೆ ಅಂದರೆ ಆತಂಕದ ಕಡೆ ಬೆರಳು ಮಾಡುತ್ತದೆ. ಹಳೇ ನೋಟ್‌ಬುಕ್ ಎಸೆಯಬೇಡಿ.

ಇನ್ನೂ ಕೆಲವು ವಿಷಯ ವೈದ್ಯರು ಮೊದಲೇ ನೋಡುತ್ತಾರೆ. ಕಿವಿ, ಕಣ್ಣು ಸರಿ ಇವೆಯೇ? ರಕ್ತ ಕಡಿಮೆಯೇ? ಕಬ್ಬಿಣದ ಅಂಶ ಇಳಿದರೆ ಗಮನವೂ ಇಳಿಯುತ್ತದೆ, ನಮ್ಮ ಭಾಗದ ಮಕ್ಕಳಲ್ಲಿ ರಕ್ತಹೀನತೆ ಸಾಮಾನ್ಯ. ಥೈರಾಯ್ಡ್ ಹೇಗಿದೆ? ಮಾತಾಡುತ್ತಲೇ ಹತ್ತು ಹದಿನೈದು ಸೆಕೆಂಡ್ ಮಗು ಕಲ್ಲಿನಂತಾಗಿ, ಕೂಗಿದರೂ ಕೇಳದೆ, ಆಮೇಲೆ ಏನೂ ಆಗದಂತೆ ಮುಂದುವರಿದರೆ ಅದು ಒಂದು ಬಗೆಯ ಮೂರ್ಛೆ ಇರಬಹುದು, ತಡಮಾಡಬಾರದು. ಇನ್ನು ನಿದ್ದೆ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮಲ್ಲಿ ರಾತ್ರಿಯೂ ಗೋಡೆ ಕಾದಿರುತ್ತದೆ, ಕರೆಂಟ್ ಹೋದರೆ ಮುಗಿಯಿತು. ನಿದ್ದೆಗೆಟ್ಟ ದೊಡ್ಡವರು ತೂಕಡಿಸುತ್ತಾರೆ, ನಿದ್ದೆಗೆಟ್ಟ ಮಕ್ಕಳು ಕುಣಿಯುತ್ತಾರೆ. ಅದನ್ನು ನೋಡಿ ಎಡಿಎಚ್‌ಡಿ ಎಂದರೆ ತಪ್ಪು.

ಚಿಕಿತ್ಸೆ

ಎರಡೂ ಇದ್ದಾಗ ಯಾವುದಕ್ಕೆ ಮೊದಲು ಚಿಕಿತ್ಸೆ? ಯಾವುದು ಹೆಚ್ಚು ತೊಂದರೆ ಕೊಡುತ್ತಿದೆಯೋ ಅದಕ್ಕೆ ಎನ್ನುತ್ತಾರೆ ವೈದ್ಯರು. ಒಂದು ಸರಿಹೋದರೆ ಇನ್ನೊಂದು ಎಷ್ಟೋ ಸಲ ತಾನೇ ಇಳಿಯುತ್ತದೆ.

ಅಮೆರಿಕದಲ್ಲಿ 1999ರಲ್ಲಿ ಪ್ರಕಟವಾದ ಎಂಟಿಎ ಎಂಬ ಅಧ್ಯಯನ ಈ ವಿಷಯದಲ್ಲಿ ದೊಡ್ಡದು. ಏಳರಿಂದ ಒಂಬತ್ತು ವರ್ಷದ 579 ಮಕ್ಕಳು, 14 ತಿಂಗಳ ಚಿಕಿತ್ಸೆ. ಕೆಲವರಿಗೆ ಮಾತ್ರೆ, ಕೆಲವರಿಗೆ ತಂದೆತಾಯಿ ಮತ್ತು ಶಿಕ್ಷಕರಿಗೂ ತರಬೇತಿ ಕೊಡುವ ವರ್ತನೆಯ ಚಿಕಿತ್ಸೆ, ಕೆಲವರಿಗೆ ಎರಡೂ, ಉಳಿದವರಿಗೆ ಊರಲ್ಲಿ ಸಿಗುವ ಮಾಮೂಲಿ ಚಿಕಿತ್ಸೆ. ಒಟ್ಟಾರೆ ಎಡಿಎಚ್‌ಡಿಯ ಲಕ್ಷಣಗಳಿಗೆ ಮಾತ್ರೆಯ ಕೈ ಮೇಲಾಯಿತು. ಆದರೆ ಅಂಜಿಕೆಯೂ ಇದ್ದ ಮಕ್ಕಳಲ್ಲಿ ವರ್ತನೆಯ ಚಿಕಿತ್ಸೆ ಒಂದೇ ಹೆಚ್ಚುಕಡಿಮೆ ಮಾತ್ರೆಯಷ್ಟೇ ಕೆಲಸ ಮಾಡಿತು. ಅಂಜಿಕೆಯ ಮಗುವಿಗೆ ಸುತ್ತಲಿನ ದೊಡ್ಡವರು ಬದಲಾದರೆ ಅಷ್ಟು ಫರಕು ಬೀಳುತ್ತದೆ. ಓದಿದ ದಿನ ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

ಮಾತ್ರೆಯ ಹೆಸರು ಕೇಳಿದರೆ ನಮ್ಮ ಜನ ಗಾಬರಿಯಾಗುತ್ತಾರೆ. ಮೀಥೈಲ್‌ಫೆನಿಡೇಟ್ ಎಂಬುದು ಉತ್ತೇಜಕ ಔಷಧ, ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ತೆಗೆದುಕೊಂಡ ದಿನವೇ ಕೆಲಸ ಮಾಡುತ್ತದೆ. ಹಸಿವು ಕಡಿಮೆ ಮಾಡಬಹುದು, ನಿದ್ದೆ ಕೆಡಿಸಬಹುದು, ಕೆಲವರಲ್ಲಿ ಎದೆಬಡಿತ ಹೆಚ್ಚಿಸಿ ಅಂಜಿಕೆ ಏರಿಸಬಹುದು. ಆದರೆ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2015ರ ಒಂದು ವಿಶ್ಲೇಷಣೆಯಲ್ಲಿ ಇಂಥ ಔಷಧ ತೆಗೆದುಕೊಂಡ ಮಕ್ಕಳಲ್ಲಿ ಒಟ್ಟಾರೆ ಆತಂಕ ಕಡಿಮೆಯೇ ಕಂಡಿತ್ತು. ಕೆಲಸ ಮುಗಿಯುತ್ತ ಬಂದರೆ, ಬೈಗುಳ ತಪ್ಪಿದರೆ ಅಂಜಿಕೆಯೂ ಇಳಿಯುತ್ತದೆ, ಅಲ್ವಾ? ಅಟೊಮಾಕ್ಸಿಟಿನ್ ಎಂಬ ಇನ್ನೊಂದು ಔಷಧ ಉತ್ತೇಜಕವಲ್ಲ, ನಿಧಾನವಾಗಿ ಕೆಲವು ವಾರದಲ್ಲಿ ಹಿಡಿತಕ್ಕೆ ಬರುತ್ತದೆ, ಆತಂಕವೂ ಇದ್ದವರಿಗೆ ಅದನ್ನು ಕೊಡುವುದುಂಟು. ಬರೀ ಆತಂಕಕ್ಕೆ ಕೊಡುವ ಸರ್ಟ್ರಲಿನ್‌ನಂಥ ಔಷಧ ಎಡಿಎಚ್‌ಡಿಯ ಗಮನವನ್ನು ಸರಿಮಾಡುವುದಿಲ್ಲ. ಯಾವುದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು. ಪಕ್ಕದ ಮನೆಯ ಮಗುವಿನ ಮಾತ್ರೆ ನಿಮ್ಮ ಮಗುವಿಗೆ ಬೇಡ.

ಮಾತಿನ ಚಿಕಿತ್ಸೆಯಲ್ಲಿ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಎರಡನ್ನೂ ತಿದ್ದುವ ಚಿಕಿತ್ಸೆ, ಮುಖ್ಯ. ಹೆದರುವ ವಿಷಯವನ್ನು ತಪ್ಪಿಸಿಕೊಂಡಷ್ಟೂ ಹೆದರಿಕೆ ಕೊಬ್ಬುತ್ತದೆ. ಹಾಗಾಗಿ ಸಣ್ಣ ಸಣ್ಣ ಮೆಟ್ಟಿಲು ಮಾಡಿ ಎದುರಿಸಲು ಕಲಿಸುತ್ತಾರೆ. ಎಡಿಎಚ್‌ಡಿಯೂ ಇದ್ದರೆ ಆ ಪಾಠವನ್ನು ಚಿಕ್ಕದಾಗಿ ತುಂಡು ಮಾಡಿ, ಬರೆದು ಅಂಟಿಸಿ, ನೆನಪಿಸಿ ಮಾಡಿಸಬೇಕು.

ಮನೆಯಲ್ಲಿ ಒಂದು ತೊಡಕು ನಮಗೆ ಎದುರಾಯಿತು. ಗಮನದ ತೊಂದರೆಗೆ ಮತ್ತೆ ಮತ್ತೆ ನೆನಪಿಸಬೇಕು. ಅಂಜಿಕೆಗೆ ಮತ್ತೆ ಮತ್ತೆ ಧೈರ್ಯ ಹೇಳಬಾರದು. ಮಗಳು ‘ಇದು ಬರೋಬ್ಬರಿ ಅದನಾ?’ ಎಂದು ಒಂದು ಪುಟಕ್ಕೆ ಇಪ್ಪತ್ತು ಸಲ ಕೇಳುತ್ತಿದ್ದಳು. ಪ್ರತಿ ಸಲ ‘ಹೌದವ್ವಾ’ ಎನ್ನುತ್ತಿದ್ದೆ. ಅದು ಕೆರೆತಕ್ಕೆ ಕೆರೆದ ಹಾಗೆ, ಆ ಗಳಿಗೆಗೆ ಹಿತ, ಆಮೇಲೆ ಜಾಸ್ತಿ. ಸೈಕಾಲಜಿಸ್ಟ್ ಹೇಳಿದಂತೆ ಈಗ ಪುಟ ಮುಗಿದ ಮೇಲೆ ಒಂದೇ ಸಲ ನೋಡುತ್ತೇನೆ. ಮನೆಯಲ್ಲಿ ರಬ್ಬರ್ ಇಲ್ಲ. ತಪ್ಪಾದರೆ ಒಂದು ಗೆರೆ ಎಳೆದು ಮುಂದೆ ಹೋಗಬೇಕು. ಹುಡುಗನಿಗೆ ಹತ್ತು ಲೆಕ್ಕ ಒಟ್ಟಿಗೆ ಕೊಡುವುದಿಲ್ಲ. ಎರಡು ಲೆಕ್ಕ, ಆಮೇಲೆ ಹೊರಗಿನ ನಲ್ಲಿಯಿಂದ ಒಂದು ಚೊಂಬು ನೀರು ತಂದು ತುಳಸಿಗೆ ಹಾಕು. ಮತ್ತೆ ಎರಡು. ಪುಣೆಯಿಂದ ಭಾವ ದಿನಾ ರಾತ್ರಿ ಎಂಟಕ್ಕೆ ಫೋನ್ ಮಾಡುತ್ತಾರೆ. ಏಳೂವರೆಗೆ ಅಲ್ಲ, ಎಂಟೂವರೆಗೂ ಅಲ್ಲ. ಆ ಹೊತ್ತು ತಪ್ಪದೇ ಇರಲು ಶುರುವಾದ ಮೇಲೆ ಸೋಮವಾರದ ಹೊಟ್ಟೆನೋವು ಕಡಿಮೆಯಾಗಿದೆ.

ಎಲ್ಲಿ ತೋರಿಸುವುದು ಎಂದು ಪಾಲಕರು ಕೇಳುತ್ತಾರೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ, ಅವುಗಳ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ವಿಚಾರಿಸಿ. ಅಂಗನವಾಡಿಗೆ, ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ನೋಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದ ಪಟ್ಟಿಯಲ್ಲಿ ಎಡಿಎಚ್‌ಡಿಯೂ ಇದೆ. ಅವರು ಬಂದ ದಿನ ಶಿಕ್ಷಕರು ಗದ್ದಲದ ಮಕ್ಕಳ ಜೊತೆ ಸುಮ್ನೆ ಕೂರುವ ಮಕ್ಕಳನ್ನೂ ತೋರಿಸಬೇಕು. ಮನೆಯಿಂದಲೇ ಮಾತಾಡಬೇಕೆಂದರೆ 14416ಕ್ಕೆ ಫೋನ್ ಮಾಡಿ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹೋಗುವ ಮೊದಲು ಎರಡು ವಾರ ಒಂದು ವಹಿಯಲ್ಲಿ ಬರೆದಿಡಿ: ಮಗು ಯಾವಾಗ ಚಡಪಡಿಸಿತು, ಆಗ ಎಲ್ಲಿತ್ತು, ಏನು ಕೆಲಸ ಕೊಟ್ಟಿದ್ದಿರಿ, ಹಿಂದಿನ ರಾತ್ರಿ ಎಷ್ಟು ತಾಸು ಮಲಗಿತ್ತು, ಕೇಳಿದಾಗ ಏನು ಹೇಳಿತು.

ಕೊನೆಯದನ್ನು ಮಗು ಹೇಳಿದ ಮಾತಿನಲ್ಲೇ ಬರೆಯಿರಿ. ನಮ್ಮ ವಹಿಯಲ್ಲಿ ‘ಹದಿನಾಲ್ಕು ರೊಟ್ಟಿ’ ಎಂದೇ ಇದೆ. ಅದರ ಕೆಳಗೆ ಮೊನ್ನೆಯ ತಾರೀಕಿಗೆ ಮಗಳ ಭಾಗಾಕಾರದ ಬಗ್ಗೆ ಬರೆದಿದ್ದೇನೆ: ಹತ್ತರಲ್ಲಿ ಏಳು ಸರಿ, ಮೂರು ತಪ್ಪು, ಮೂರಕ್ಕೂ ನೇರವಾದ ಒಂದೊಂದು ಗೆರೆ, ಇಪ್ಪತ್ತೈದು ನಿಮಿಷ. ‘ಲಕ್ಷ್ಯ ಎಲ್ಲಿತ್ತವ್ವಾ?’ ಎಂದು ಕೇಳಿದ್ದಕ್ಕೆ ಅವಳು ಹೇಳಿದ್ದು: ‘ಆರನೇ ಲೆಕ್ಕದಾಗ ಸ್ವಲ್ಪ ಹೊರಗ ಹೋಗಿತ್ತಪ್ಪಾ, ಆಮ್ಯಾಲ ಬಂತು.’